ತೂಕಕ್ಕೆ ಕೂತ ಭಾನುವಾರ

ಡ್ರೈವಿಂಗ್ ಲೈಸೆನ್ಸ್ ಬಂದು ನಾಲ್ಕು ವರ್ಷವಾದರೂ ನಾನಿನ್ನೂ ಪಕ್ಕದ ಸೀಟಿನಲ್ಲೇ ಇದ್ದೇನೆ. ಶಿವಮೊಗ್ಗದ ರವೀಂದ್ರನಗರದ ಮನೆಯಿಂದ ನಾನು ಪಾಠ ಮಾಡುವ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ದಿನಾ ಮಾವನೇ ಕಾರಿನಲ್ಲಿ ಬಿಡುತ್ತಾರೆ, ಸಂಜೆ ಅವರೇ ಬಂದು ಕರೆತರುತ್ತಾರೆ. ‘ಬಸ್ಸಲ್ಲಿ ನೇತಾಡ್ಕೊಂಡು ಹೋಗೋ ಕರ್ಮ ನಿನಗ್ಯಾಕೆ?’ ಎನ್ನುತ್ತಾರೆ. ಇಂಥ ಮಾವ ಸಿಗಲು ಪುಣ್ಯ ಮಾಡಿರಬೇಕೆಂದು ಸಹೋದ್ಯೋಗಿಗಳು ಹೇಳಿದರೆ ಮೈ ಉರಿಯುತ್ತದೆ. ತರಗತಿ ಮುಗಿದ ಮೇಲೆ ಹತ್ತು ನಿಮಿಷ ಒಬ್ಬಳೇ ಕೂತು ಕಾಫಿ ಕುಡಿಯುವ ಹಾಗಿಲ್ಲ, ಗೇಟಿನ ಹತ್ತಿರ ಅವರು ಕಾಯುತ್ತಿರುತ್ತಾರೆ. ಗಂಡನಿಗೆ ಹೇಳಿದರೆ ನಗುತ್ತಾನೆ. ಬೈಯಲು ಒಂದು ಕಾರಣವನ್ನಾದರೂ ಕೊಡಬಾರದೆ ಈ ಮನುಷ್ಯ?

ಕಳೆದ ವರ್ಷ ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು ಶುರುವಾಯಿತು. ಶಿವಮೊಗ್ಗದ ಮೆಕ್ಯಾನಿಕ್ ಒಬ್ಬರು ಚಕ್ರದ ಕುಲುಕಾಟ ತಡೆಯುವ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಬದಲಾಯಿಸಿದರು. ಆರು ತಿಂಗಳಲ್ಲಿ ಸದ್ದು ಮತ್ತೆ ಬಂತು. ಕಾರು ಪೂರ್ತಿ ಕೆಟ್ಟು ನಿಂತರೆ ಬಸ್ಸು ಹತ್ತಬಹುದೆಂದು ನಾನು ಒಳಗೊಳಗೇ ಆಸೆಪಟ್ಟೆ. ಮಾವ ಬಿಡುತ್ತಾರೆಯೇ? ಒಂದು ಭಾನುವಾರ, ಸದ್ದು ಎಲ್ಲಿಂದ ಬರುತ್ತದೆಂದು ನಾನೇ ತೋರಿಸಬೇಕೆಂದು ನನ್ನನ್ನೂ ಹೊರಡಿಸಿಕೊಂಡು ಭದ್ರಾವತಿಯ ಹಳೆಯ ಮೆಕ್ಯಾನಿಕ್ ಬಳಿಗೆ ಹೋದರು.

ಆತ ಬುಷ್ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ‘ಕಾರು ಮೇಲೆತ್ತಿ ಚಕ್ರ ನೇತಾಡ್ತಿದ್ದಾಗ್ಲೇ ಬೋಲ್ಟ್ ಟೈಟ್ ಮಾಡಿಬಿಟ್ಟಿದಾರೆ ಸಾರ್. ಕಾರು ಕೆಳಗಿಳಿದ ತಕ್ಷಣ ರಬ್ಬರ್ ತಿರುಚ್ಕೊಂಡಿದೆ, ಇನ್ನೆಷ್ಟು ದಿನ ತಡೆಯುತ್ತೆ?’ ಬಾಲ್ ಜಾಯಿಂಟೂ ಸವೆದಿತ್ತು. ಎಲ್ಲ ಹೊಸದು ಹಾಕಿ, ಕಾರನ್ನು ಗುಂಡಿಯ ಮೇಲೆ ನಾಲ್ಕೂ ಚಕ್ರದಲ್ಲಿ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ಕೆಳಗಿಳಿದ.

‘ದಿನಾ ಹೆಂಗೆ ಕೂತ್ಕೊಳ್ತೀರೋ ಹಂಗೇ ಕೂತ್ಕೊಳ್ಳಿ. ನಿಮ್ಮ ತೂಕದಲ್ಲೇ ಬಿಗೀಬೇಕು. ನಾನು ಹೇಳೋವರ್ಗೂ ಇಳೀಬೇಡಿ.’

ಮಾವ ಸ್ಟೇರಿಂಗ್ ಹಿಂದೆ ಕೂತರು, ನಾನು ಪಕ್ಕದಲ್ಲಿ. ತಗಡಿನ ಮಾಡಿನ ಕೆಳಗೆ ಸೆಕೆಯೋ ಸೆಕೆ. ಅವರೀಗ ಎದ್ದು ಹೋಗುವ ಹಾಗಿಲ್ಲ ಎಂದು ಹೊಳೆದದ್ದೇ ತಡ, ನಾಲ್ಕು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ.

‘ಮಾವ, ನಾಳೆಯಿಂದ ಕಾರು ನಾನೇ ತಗೊಂಡು ಹೋಗ್ತೀನಿ. ಒಬ್ಳೇ.’

‘ತಗೊಂಡು ಹೋಗು,’ ಎಂದರು. ಆಮೇಲೆ ಮುಂದಿನ ಗಾಜಿನತ್ತಲೇ ನೋಡುತ್ತ, ‘ನಿಮ್ಮತ್ತೆ ತೀರ್ಕೊಂಡ್ಮೇಲೆ ಬೆಳಿಗ್ಗೆ ಎದ್ದು ಮಾಡೋಕೆ ನಂಗೆ ಇದೊಂದೇ ಕೆಲ್ಸ ಇತ್ತು. ಇರ್ಲಿ, ಬೇರೆ ಏನಾದ್ರೂ ನೋಡ್ಕೊತೀನಿ.’

ಅವರ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಬಾಗಿಲ ಹಿಡಿಗೆ ಕೈ ಹಾಕಿದೆ.

‘ಮೇಡಂ, ಅಲ್ಲಾಡ್ಬೇಡಿ,’ ಎಂದು ಕೆಳಗಿನಿಂದ ದನಿ ಬಂತು.

ಸೋಮವಾರ ಬೆಳಿಗ್ಗೆ ನನ್ನ ಊಟದ ಡಬ್ಬಿಯ ಪಕ್ಕ ಕಾರಿನ ಕೀ ಇತ್ತು. ಎಂಟೂವರೆಗೆಲ್ಲ ಪ್ಯಾಂಟು ಹಾಕಿ ಸಿದ್ಧವಾಗಿರುತ್ತಿದ್ದ ಮಾವ ಪಂಚೆಯಲ್ಲೇ ಪೇಪರ್ ಹಿಡಿದು ಕೂತಿದ್ದರು. ಕೀ ತೆಗೆದುಕೊಂಡು ಗೇಟಿನವರೆಗೆ ಹೋದೆ, ಕಾರಿನ ಬಾಗಿಲನ್ನೂ ತೆಗೆದೆ. ಮತ್ತೆ ಒಳಗೆ ಬಂದೆ.

‘ಮಾವ, ಹೊತ್ತಾಯ್ತು, ಹೊರಡಿ,’ ಎಂದು ಕೀಯನ್ನು ಅವರ ಕೈಗೆ ಕೊಟ್ಟೆ.

ಅವರು ಪ್ಯಾಂಟು ಹಾಕಿಕೊಂಡು ಬರಲು ಎರಡು ನಿಮಿಷವೂ ಹಿಡಿಯಲಿಲ್ಲ.