ಅಂಗೈಯಲ್ಲಿದ್ದ ಸಿಯೆನಾ

ಅವರ ಬಲ ಅಂಗೈ ಎಂದೂ ಪೂರ್ತಿ ಬಿಚ್ಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಲೆಯ ಕೆಂಡಕ್ಕೆ ತಗುಲಿದ ಕೈಯದು. ಗಾಯ ಮಾಯುವಾಗ ಚರ್ಮ ಬಿಗಿದುಕೊಂಡು ಬೆರಳುಗಳು ಒಳಕ್ಕೆ ಬಾಗಿದ್ದವು. ನೋಡಿದವರಿಗೆ ಸದಾ ತೀರ್ಥಕ್ಕೆ ಒಡ್ಡಿದಂತೆ ಕಾಣುತ್ತಿತ್ತು.

ಆದೋನಿಯ ನಮ್ಮ ಓಣಿಯವರಿಗೆಲ್ಲ ಅವರು ಟೀಚರಮ್ಮ. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾಗಿದ್ದರು. ಇಟಲಿಯನ್ನು ಅವರು ಕಂಡವರಲ್ಲ. ಆದರೂ ಅಲ್ಲಿನ ಮಧ್ಯಯುಗದ ನಗರ ಸಿಯೆನಾದ ಮಾತು ಬಂದರೆ, ಕಪ್ಪು ಬಿಳಿ ಅಮೃತಶಿಲೆಯ ಪಟ್ಟೆಗಳಿರುವ ದೊಡ್ಡ ಚರ್ಚನ್ನೂ ಇಟ್ಟಿಗೆ ಹಾಸಿದ ಚೌಕವನ್ನೂ ಪಕ್ಕದ ಓಣಿಯಷ್ಟೇ ಸಲುಗೆಯಿಂದ ವರ್ಣಿಸುತ್ತಿದ್ದರು.

ನಮ್ಮ ಮನೆಯಲ್ಲಿ ಪದವಿ ಮುಗಿಸಿದವಳು ನಾನೊಬ್ಬಳೇ. ಎಂ.ಎ. ಪ್ರವೇಶದ ಸಂದರ್ಶನದಲ್ಲಿ ಹಳೆಯ ನಗರವೊಂದರ ವಾಸ್ತುವಿನ ಬಗ್ಗೆ ಮಾತನಾಡಬೇಕಿತ್ತು. ಸೀಟು ಸಿಗದಿದ್ದರೆ ಓದು ಅಲ್ಲಿಗೆ ನಿಲ್ಲುವುದೆಂದು ಅಪ್ಪ ಮೊದಲೇ ಹೇಳಿದ್ದರು. ನಾನು ಸಿಯೆನಾವನ್ನೇ ಆರಿಸಿಕೊಂಡು, ಒಂದಕ್ಷರವೂ ತಪ್ಪದಂತೆ ಬಾಯಿಪಾಠ ಮಾಡಿ, ಚೌಕದ ನಕ್ಷೆ ಬರೆದು ಟೀಚರಮ್ಮನ ಮುಂದಿಟ್ಟೆ. ಪುರಭವನವನ್ನು ದಿಣ್ಣೆಯ ಮೇಲೆ ತೋರಿಸಿದ್ದೆ. ಹುಟ್ಟಿದಾಗಿನಿಂದ ಬೆಟ್ಟದ ಮೇಲಿನ ಕೋಟೆಯನ್ನು ನೋಡಿದವಳಿಗೆ ಆಳುವವರು ಎತ್ತರದಲ್ಲಿರುವುದೇ ಸಹಜವೆನಿಸಿತ್ತು.

ಅವರು ನಕ್ಕರು. "ನಮ್ಮ ಆದೋನಿ ಕೋಟೆ ಹೊತ್ಕೊಂಡು ಹೋಗಿ ಅಲ್ಲಿ ಇಟ್ಟೀಯಲ್ಲವ್ವಾ," ಎಂದು, ಬಲಗೈಯನ್ನು ಬೆರಳುಗಳು ಮೇಲಾಗುವಂತೆ ತುಸು ಓರೆ ಮಾಡಿ ಚಾಚಿ, ಚೊಂಬಿನ ನೀರು ಹಾಕಲು ಹೇಳಿದರು. ಬೆರಳ ತುದಿಗೆ ಬಿದ್ದ ನೀರು ಅಂಗೈಯ ಗೆರೆಗಳಲ್ಲಿಳಿದು ಮಣಿಕಟ್ಟಿಗೆ ಬಂದು ಸೇರಿತು.

"ಬೆರಳ ಸಂದಿ ಅದಾವಲ್ಲ, ಅವು ಗಲ್ಲಿ. ಮಂದಿ ಅಲ್ಲಿಂದ ಇಳದು ಬರ್ತಾರ. ನೀರು ಬಂದು ಸೇರಿದ ಜಾಗದಾಗ ಪುರಭವನ ಐತಿ. ಆಳೋರು ತಗ್ಗಿನ್ಯಾಗ, ಮಂದಿ ಮ್ಯಾಲ. ಮ್ಯಾಲ ನಿಂತು ಎಲ್ಲಾ ನೋಡ್ತಾರ, ಕಳ್ಳಾಟ ನಡಿಯಂಗಿಲ್ಲ."

ಸಂದರ್ಶನದಲ್ಲಿ ಆರಂಭದಲ್ಲೇ ನನ್ನ ಬಾಯಿಪಾಠ ಕೈಕೊಟ್ಟಿತು. ಎದುರಿಗಿದ್ದ ಪ್ರಾಧ್ಯಾಪಕರು ಕನ್ನಡಕ ತೆಗೆದು, ಅಷ್ಟೆತ್ತರದ ಗೋಪುರವಿರುವ ಪುರಭವನವನ್ನು ತಗ್ಗಿನಲ್ಲಿ ಕಟ್ಟಿದ್ದೇಕೆ ಎಂದು ಕೇಳಿದರು. ನಾನು ಪದ ಹುಡುಕಲಿಲ್ಲ. ಬಲಗೈ ಬಗ್ಗಿಸಿ, ಮೇಜಿನ ಮೇಲಿದ್ದ ಲೋಟದಿಂದ ಬೆರಳ ತುದಿಗೆ ನೀರು ಹಾಕಿಕೊಂಡು ಮಣಿಕಟ್ಟಿನವರೆಗೆ ಹರಿಸಿದೆ. ಉಳಿದದ್ದನ್ನು ಆದೋನಿಯ ಕೋಟೆಯೊಂದಿಗೆ ಹೋಲಿಸಿ ನನ್ನದೇ ಮಾತಿನಲ್ಲಿ ಹೇಳಿದೆ. ಸೀಟು ಸಿಕ್ಕಿತು.

ನಡೆದದ್ದನ್ನೆಲ್ಲ ಹೇಳಿದಾಗ ಟೀಚರಮ್ಮ ಕೇಳಿದ್ದು ಒಂದೇ: "ಅವರ ಕಾಗದ ತೊಯ್ಸಲಿಲ್ಲಲ್ಲ?"

ತೊಯ್ದವು ಎಂದೆ.

"ತೊಯ್ಲಿ ಬಿಡು," ಎಂದರು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೆಂಗಸರು ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಲು ನೋಡಿದರು, ಬಲಗೈ ಮಣಿಯಲಿಲ್ಲ. ಹಾಗೆಯೇ ಇರಲಿ ಎಂದೆ.

ಈಗ ನಾನೂ ಚರಿತ್ರೆ ಕಲಿಸುತ್ತೇನೆ. ಸಿಯೆನಾದ ಪಾಠ ಬಂದಾಗ ಕೈ ಚಾಚಿ ವಿದ್ಯಾರ್ಥಿಗಳಿಂದ ನೀರು ಹಾಕಿಸಿಕೊಳ್ಳುತ್ತೇನೆ. ನನ್ನ ಬೆರಳುಗಳು ನೆಟ್ಟಗಿವೆ. ಅವನ್ನು ಬೇಕೆಂದೇ ಬಗ್ಗಿಸಬೇಕು.