ಸವಾರನ ತೂಕ ಎಷ್ಟು

ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಗಂಡ ಹೆಲ್ಮೆಟ್ ಹಿಡಿದು ಮೆಟ್ಟಿಲಿಳಿದರೆ, ಹನ್ನೆರಡರವರೆಗೆ ವಡಾಲದ ನಮ್ಮ ಎರಡು ರೂಮಿನ ಮನೆ ನನ್ನೊಬ್ಬಳದು. ಆ ಐದು ಗಂಟೆಯಲ್ಲಿ ನಾನು ವಿಶೇಷವಾಗಿ ಏನೂ ಮಾಡುತ್ತಿರಲಿಲ್ಲ. ಬೋರ್ಡಿಂಗಿನ ದಿನಗಳ ಹಾಗೆ ಬ್ರೆಡ್ಡಿಗೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಪ್ಲೇಟೂ ಇಲ್ಲದೆ ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದೆ. ಯಾವುದೋ ಹಳೆಯ ಇಂಗ್ಲಿಷ್ ನಾವೆಲ್ ನಡುವಿನಿಂದ ತೆರೆದು ಓದುತ್ತಿದ್ದೆ. ಒಳಗಿನ ರೂಮಿನಿಂದ "ಏನ ಮಾಡಾಕತ್ತಿ?" ಎಂದು ಕೇಳುವವರು ಯಾರೂ ಇರುತ್ತಿರಲಿಲ್ಲ. ಉಳಿದ ಆರು ದಿನ ಆ ಪ್ರಶ್ನೆ ಗಂಟೆಗೊಮ್ಮೆ ಬರುತ್ತದೆ. ಅದರಲ್ಲಿ ಸಿಟ್ಟಿಲ್ಲ, ಅನುಮಾನವೂ ಇಲ್ಲ. ನಾನು ಇಲ್ಲೇ ಇದ್ದೇನೆಂದು ಖಾತ್ರಿಯಾಗಬೇಕು, ಅಷ್ಟೆ.

ಅವರು ಬೈಕುಲ್ಲಾದಲ್ಲಿ ಬಹಳ ವರ್ಷ ಗ್ಯಾರೇಜ್ ನಡೆಸಿದವರು. ಈಗ ಅದನ್ನು ಅವರ ಪಾರ್ಟ್ನರ್ ನೋಡಿಕೊಳ್ಳುತ್ತಾರೆ. ಅಲ್ಲಿ ಅವರದೊಂದು ಕ್ವಾಡ್ ಬೈಕ್ ಇದೆ: ನಾಲ್ಕು ದಪ್ಪ ಚಕ್ರ, ಮೋಟರ್ ಸೈಕಲ್ಲಿನಂಥ ಹ್ಯಾಂಡಲ್, ಒಬ್ಬರೇ ಕೂರುವ ಸೀಟು. ರೇಸಿಗೆಂದು ಮಾಡಿದ ಸ್ಪೋರ್ಟ್ ಮಾಡೆಲ್. ರಸ್ತೆಯ ಮೇಲೆ ಓಡಿಸುವ ಹಾಗಿಲ್ಲ. ಅದಕ್ಕೇ ಭಾನುವಾರ ಅದನ್ನು ಟೆಂಪೋಕ್ಕೆ ಏರಿಸಿ, ಪನ್ವೇಲಿನಾಚೆ ಪಾರ್ಟ್ನರಿನ ಖಾಲಿ ಜಮೀನಿಗೆ ಒಯ್ಯುತ್ತಿದ್ದರು.

ಹೊಟ್ಟೆಯ ಆಪರೇಷನ್ ಆದಮೇಲೂ ಅವರು ಅದನ್ನು ಬಿಡಲಿಲ್ಲ. ಆದರೆ ಶಾಕ್ ಅಬ್ಸಾರ್ಬರ್‌ಗಳು ಹಳೆಯವು, ಎಣ್ಣೆ ಸೋರುತ್ತಿದ್ದವು. ಪ್ರತಿ ಉಬ್ಬೂ ನೇರವಾಗಿ ಸೊಂಟಕ್ಕೆ ಬಡಿಯುತ್ತಿತ್ತು. ಒಂದು ಭಾನುವಾರ ಹನ್ನೊಂದಕ್ಕೇ ವಾಪಸ್ ಬಂದರು. ಮುಂದಿನ ವಾರ ಹತ್ತೂವರೆಗೆ. ಅದರ ಮುಂದಿನ ವಾರ ಹೋಗಲೇ ಇಲ್ಲ. ಮಂಚದ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದರು, ನಾನು ಬ್ರೆಡ್ಡನ್ನು ಡಬ್ಬಿಯಲ್ಲೇ ಬಿಟ್ಟು ಉಪ್ಪಿಟ್ಟು ಮಾಡಿದೆ.

ಹೊಸ ಶಾಕಪ್ ಹಾಕಿಸಬೇಕೆಂದು ಅವರು ಅಂದಾಗ, ನಿಜ ಹೇಳುತ್ತೇನೆ, ಅವರಿಗಿಂತ ನನಗೇ ಅವಸರವಿತ್ತು.

ಎರಡು ವಾರ ಊಟದ ಟೇಬಲ್ಲಿನ ಮೇಲೆ ಅದೇ ಮಾತು. ಪಾರ್ಟ್ಸಿನ ಹೆಸರು ಅವರಿಗೆ ಬಾಯಿಪಾಠ, ಇಂಗ್ಲಿಷ್ ವಾಕ್ಯಗಳು ಮಾತ್ರ ಉದ್ದವಾದರೆ ತಲೆಗೆ ಹೋಗವು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು, ಓದಿ ಹೇಳುವ ಕೆಲಸ ನನ್ನದು. ಮುಂದೆ ಎರಡು ಶಾಕಪ್, ಹಿಂದೆ ಒಂದು. ಸ್ಪ್ರಿಂಗ್ ಇಲ್ಲದೆ ಬರೀ ಗಾಳಿಯ ಮೇಲೆ ನಿಲ್ಲುವಂಥವು ಬೇಡ, "ಗಾಳಿ ನಂಬಾಕ ಬರೂದಿಲ್ಲ." ಲೋಕಲ್ ಕಾಪಿ ಬೇಡವೇ ಬೇಡ. ಕೊನೆಗೆ ಬೇರೆ ದೇಶದ ಒಂದು ಸೆಟ್ ಒಪ್ಪಿದರು. ಅದರ ಕಂಪನಿಯವರು ಪ್ರತಿ ಸವಾರನಿಗೂ ಬೇರೆ ಸ್ಪ್ರಿಂಗ್ ಹಾಕಿ ಕಳಿಸುತ್ತಾರಂತೆ: ಭಾರದವರಿಗೆ ಗಡುಸು, ಹಗುರದವರಿಗೆ ಮೆದು. ಹಾಗಾಗಿ ಆನ್‌ಲೈನ್ ಆರ್ಡರಿನ ಜೊತೆ ಒಂದು ಫಾರ್ಮ್. ಅದರ ನಾಲ್ಕನೆಯ ಪ್ರಶ್ನೆ: ಸವಾರನ ತೂಕ.

"ಎಪ್ಪತ್ತೆಂಟು," ಅಂದರು.

ಅದು ಆಪರೇಷನ್ನಿಗೆ ಮುಂಚಿನ ಮಾತು. ಕ್ಲಿನಿಕ್ಕಿನ ಕಾರ್ಡಿನಲ್ಲಿ ಐವತ್ಮೂರು ಎಂದಿದೆ. ತೂಕದ ಮಷಿನ್ನಿನ ಮೇಲೆ ನಿಂತಾಗ ಅವರು ಗೋಡೆ ನೋಡುತ್ತಾರೆ, ನರ್ಸ್ ಕಾರ್ಡನ್ನು ನನ್ನ ಕೈಗೆ ಕೊಡುತ್ತಾಳೆ.

"ಅಲ್ರೀ, ಒಮ್ಮೆ ಚೆಕ್ ಮಾಡೋಣೇನು?"

"ಯಾಕ, ನನ್ನ ತೂಕ ನನಗ ಗೊತ್ತಿಲ್ಲೇನು? ಬರಿ ನೀ."

ಬರೆದೆ. ಅಂಕಿಗಳನ್ನು ಅವರು ಬಗ್ಗಿ ನೋಡಿ ಸ್ನಾನಕ್ಕೆ ಹೋದರು. ಆಗಲೇ ಮುಲುಂಡಿನಿಂದ ಮಗಳ ಫೋನ್ ಬಂತು. ಅವಳಿಗೆ ಹೇಳಿದೆ.

"ಮಮ್ಮಿ, ಪಪ್ಪಾ ಹೇಳಿದ್ದೇ ಲಿಖ್ ದೋ ನಾ," ಅಂದಳು. "ಹಾರ್ಡ್ ಆಗಿ ಕಮರ್ ನೋವಾದ್ರೆ ಅವರೇ ಬಿಡ್ತಾರೆ. ಈ ಏಜ್‌ನಲ್ಲಿ ಬೇಕಾ ಇದೆಲ್ಲ? ಮನೇಲಿ ನಿನ್ನ ಜೊತೆ ಆರಾಮ್ ಸೆ ಇರಲಿ."

ಮನೇಲಿ, ನಿನ್ನ ಜೊತೆ. ಬಚ್ಚಲಿನಲ್ಲಿ ನೀರಿನ ಸದ್ದು ಇನ್ನೂ ಇತ್ತು. ನಾನು ಹಿಂದಿನ ಪುಟಕ್ಕೆ ಹೋಗಿ ಎಪ್ಪತ್ತೆಂಟನ್ನು ಅಳಿಸಿ ಐವತ್ಮೂರು ಮಾಡಿ ಸಬ್ಮಿಟ್ ಒತ್ತಿದೆ. ಅವರ ಸೊಂಟದ ಮೇಲಿನ ಕನಿಕರ ಎಷ್ಟು, ನನ್ನ ಬ್ರೆಡ್ಡು ಬೆಣ್ಣೆ ಎಷ್ಟು, ಆ ಲೆಕ್ಕ ನಾನು ಹಾಕಲಿಲ್ಲ.

ಡಬ್ಬ ಬಂದ ದಿನ ನನ್ನನ್ನೂ ಬೈಕುಲ್ಲಾಕ್ಕೆ ಕರೆದುಕೊಂಡು ಹೋದರು. ಜೊತೆಗೆ ಬಂದ ಇಂಗ್ಲಿಷ್ ಪುಸ್ತಿಕೆ ಓದಬೇಕಲ್ಲ. ಮೊದಲ ಸ್ಪ್ರಿಂಗನ್ನು ಹೊರತೆಗೆದು, ಅದರ ಮೇಲೆ ಅಚ್ಚಾದ ನಂಬರ್ ನೋಡಿದರು. ಆಮೇಲೆ ಬೆಂಚಿನ ಮೇಲೆ ನಿಲ್ಲಿಸಿ ಎರಡೂ ಅಂಗೈಯಿಂದ ಅದುಮಿದರು.

"ಇದು ಯಾರ ಸ್ಪ್ರಿಂಗು?"

"ನಿಮ್ದೇ."

"ನಂದಲ್ಲ. ಯಾವುದೋ ಕಾಲೇಜ್ ಹುಡುಗೀದು." ದನಿ ತಗ್ಗಿಸಿದರು. "ಎಷ್ಟು ಬರದಿ?"

"ಐವತ್ಮೂರು."

ಅವರು ಸ್ಪ್ರಿಂಗಿನ ಮೇಲಿಂದ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಆಚೆಯಿಂದ ಪಾರ್ಟ್ನರ್ ತಮ್ಮ ವಿಜಯಪುರದ ಕನ್ನಡದಲ್ಲಿ ಕೂಗಿದರು: "ಏನ್ರೀ ಸಾವ್ಕಾರ್ರ, ಬರೋಬರ್ ಅದಾವಿಲ್ಲ?"

"ಅಗದೀ ಬರೋಬರ್! ಎಪ್ಪತ್ತೆಂಟಕ್ಕ ಕರೆಕ್ಟ್ ಕಳಿಸ್ಯಾರ!"

ಮೂರನ್ನೂ ಕೂರಿಸಿದ ಮೇಲೆ ಒಂದು ಅಳತೆ ತೆಗೆಯಬೇಕು. ಸವಾರ ಹತ್ತಿ ಕೂತಾಗ ಗಾಡಿ ಎಷ್ಟು ಕುಗ್ಗುತ್ತದೆ ಎಂದು ಇನ್ನೊಬ್ಬರು ಟೇಪಿನಿಂದ ನೋಡಿ ಹೇಳಬೇಕು. ತೂಕ ಗೊತ್ತಿದ್ದವರಿಗೆ ಆ ಅಳತೆಯೂ, ಅಳತೆ ನೋಡಿದವರಿಗೆ ತೂಕವೂ ತಿಳಿಯುತ್ತದೆ. ಪಾರ್ಟ್ನರ್ ಟೇಪ್ ಹಿಡಿದು ಬಂದರು.

"ಬ್ಯಾಡ, ಇಕೀ ಹಿಡೀತಾಳ," ಅಂದರು ಇವರು. "ಇಕೀಗೆ ಇಂಗ್ಲಿಷ್ ಬರ್ತೈತಿ."

"ಟೇಪ್ ಓದಾಕ ಇಂಗ್ಲಿಷ್ ಯಾಕ್ರೀ?"

"ನಿಂಗೇನ ಗೊತ್ತು, ಫಾರಿನ್ ಮಾಲು. ಹೋಗಿ ಚಹಾ ಹೇಳಿ ಬಾ."

ಸ್ಟೂಲಿನ ಮೇಲೆ ಕೂತು ನಾನು ಟೇಪ್ ಹಿಡಿದೆ. ಅವರು ಹತ್ತಿ ಕೂತರು. ಗಾಡಿ ಪುಸ್ತಿಕೆಯಲ್ಲಿ ಹೇಳಿದಷ್ಟೇ, ಒಂದು ಕೂದಲೆಳೆ ಆಚೀಚೆ ಇಲ್ಲದೆ, ಕುಗ್ಗಿತು. ಹೇಳಿದೆ. ಅವರು ಹ್ಯಾಂಡಲ್ ನೋಡುತ್ತ, "ಹೊಸ ಸ್ಪ್ರಿಂಗ್ ಕೂತ್ಕೋತಾವ. ಪ್ರತಿ ವಾರ ಅಳತಿ ತಗೀಬೇಕಾಗ್ತೈತಿ," ಅಂದರು. "ಅವನ ಕೈಯಾಗ ಟೇಪ್ ಕೊಟ್ರ ಇಡೀ ಬೈಕುಲ್ಲಾಕ್ಕ ಗೊತ್ತಾಗ್ತೈತಿ. ನೀನ ಬಾ."

"ಪ್ರತಿ ಭಾನುವಾರ?"

"ಮತ್ಯಾರ ಬರ್ತಾರ?"

ಬೇಡ ಅನ್ನಲು ನನ್ನ ಹತ್ತಿರ ಯಾವ ಕಾರಣವಿತ್ತು? ತೂಕ ಬರೆದವಳು ನಾನೇ.

ಈಗ ಭಾನುವಾರ ಏಳಕ್ಕೆ ಟೆಂಪೋದಲ್ಲಿ ಅವರಿಬ್ಬರ ನಡುವೆ ಕೂರುತ್ತೇನೆ, ಮೊಣಕಾಲಿಗೆ ಗೇರ್ ತಾಗದಂತೆ ಒಂದು ಕಡೆ ಓರೆಯಾಗಿ. ಅವರಿಗೆ ಸೊಂಟ ನೋವು ಇಲ್ಲ, ಮಧ್ಯಾಹ್ನ ಒಂದರವರೆಗೂ ಓಡಿಸುತ್ತಾರೆ. ನಾನು ತಾಡಪತ್ರಿಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ನಾವೆಲ್ ಒಯ್ದಿದ್ದೆ, ಧೂಳಿನಲ್ಲಿ ಪುಟ ತಿರುವಲು ಆಗಲಿಲ್ಲ.

ಹೋದ ವಾರ ಗಾಡಿ ಮೊದಲಿಗಿಂತ ಮೂರು ಮಿಲಿಮೀಟರ್ ಕಡಿಮೆ ಕುಗ್ಗಿತು. ಎರಡು ಸಲ ನೋಡಿದೆ. ಸ್ಪ್ರಿಂಗ್ ಕೂತಿದ್ದರೆ ಹೆಚ್ಚು ಕುಗ್ಗಬೇಕಿತ್ತು.

"ಎಷ್ಟು?"

ಇದ್ದದ್ದನ್ನೇ ಹೇಳಿದೆ. ಅವರು ಇಳಿದು, ಪಾನಾ ತೆಗೆದು, ಸ್ಪ್ರಿಂಗಿನ ರಿಂಗನ್ನು ಒಂದು ಸುತ್ತು ಸಡಿಲ ಮಾಡಿದರು. ಪಾರ್ಟ್ನರ್ ದೂರದಿಂದ "ಏನಾತ್ರೀ?" ಎಂದರೆ, "ಏನಿಲ್ಲ, ಸ್ವಲ್ಪ ಬಿಗಿ ಮಾಡಿದೆ," ಅಂದರು. ಮತ್ತೆ ಹತ್ತಿ ಕೂತು, ನಾನು ಟೇಪ್ ಹಿಡಿಯುವುದನ್ನೇ ಕಾಯತೊಡಗಿದರು.