ಅವ್ವ ಜಗುಲಿಗೆ ಎದ್ದು ಬಂದ ದಿನ

"ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ."

ಗುಂಡ್ಲುಪೇಟೆ ಪೋಸ್ಟ್ ಆಫೀಸಿನಿಂದ ಭಾವ ಕೊಟ್ಟ ಈ ಟೆಲಿಗ್ರಾಂ ಕೈಗೆ ಬಂದಾಗ ನಾನು ಜಮ್ಮು ಕಡೆ ಒಂದು ಸೇತುವೆ ಕಾಯುತ್ತಾ ನಿಂತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕಾಯಂ ಸೈನಿಕನಲ್ಲ, ಮೀಸಲಿನವನು. ವರ್ಷಕ್ಕೊಮ್ಮೆ ಟ್ರೈನಿಂಗು, ಉಳಿದ ದಿನ ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಲಾರಿಗೆ ಈರುಳ್ಳಿ ಮೂಟೆ ಹೊರುವ ಕೆಲಸ. ಕರೆ ಬಂದರೆ ಮಾತ್ರ ಯೂನಿಫಾರ್ಮು.

ನಮ್ಮೂರು ಭೀಮನಬೀಡಿನಲ್ಲಿ ನನಗೆ "ಅರ್ಧ ಮಿಲ್ಟ್ರಿ" ಅಂತಲೇ ಹೆಸರು. ಅವ್ವನಿಗೆ ಮಾತ್ರ ನಾನು ಪೂರ್ತಿ ಮಿಲಿಟರಿ. ಯಾರಾದರೂ ಹಾಗೆ ಆಡಿಕೊಂಡರೆ ಜಗಳಕ್ಕೇ ಹೋಗುತ್ತಿದ್ದಳು.

ಈ ಸಲ ಕರೆ ಬಂದಾಗಲೇ ಅವ್ವನಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಲು ಶುರುವಾಗಿತ್ತು. ಅಕ್ಕ ಭಾವ ಅವಳ ಜೊತೆಗೇ ಇದ್ದರು. "ಓಗ್ ಬಾ ಕಣ್ಲಾ, ಅತ್ತೇನ ನಾವು ನೋಡ್ಕತೀವಿ" ಅಂತ ಭಾವ ಧೈರ್ಯ ಹೇಳಿ ಬಸ್ ಹತ್ತಿಸಿದ್ದ.

ಟೆಲಿಗ್ರಾಂ ಹಿಡಿದು ಆಫೀಸ್ ಟೆಂಟಿಗೆ ಓಡಿದೆ.

ಅಲ್ಲಿನ ಸಾಹೇಬರು ಒಳ್ಳೆಯವರೇ. ಓದಿ, "ಪಾಪ, ಕಳಿಸಿ" ಅಂದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ... ಕ್ಲರ್ಕ್ ತಲೆ ಅಲ್ಲಾಡಿಸಿದ.

ಕಾಯಂ ಸೈನಿಕನಾಗಿದ್ದರೆ ರಜೆ ಅಲ್ಲೇ ಸಿಗುತ್ತಿತ್ತಂತೆ. ನಾನು ಮೀಸಲಿನವನು, ಈ ಪಡೆಗೆ ಎರವಲು ಬಂದವನು. ರಜೆ ಕೊಡಬೇಕಾದ್ದು ನನ್ನ ಮೂಲ ಪಡೆ. ಅವರನ್ನು ಕೇಳಿದರೆ, ಈಗ ನೀನಿರುವ ಕಡೆಯವರೇ ಕೊಡಬೇಕು ಅಂದರು.

ಅತ್ತ ದರಿ, ಇತ್ತ ಪುಲಿ. ಚಳಿಯನ್ನು ತಡೆದುಕೊಂಡಿದ್ದೆ, ಬೆಳಗಿನತನಕ ನಿಂತು ಕಾಯುವುದನ್ನೂ ತಡೆದುಕೊಂಡಿದ್ದೆ. ಈ ಆಫೀಸನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಸುಳ್ಳು ಟೆಲಿಗ್ರಾಂ ತರಿಸಿ ಊರಿಗೆ ಹೋಗುವವರು ಬಹಳ, ಅದಕ್ಕೆ ಊರಿನ ಪೊಲೀಸರು ಮನೆಗೆ ಹೋಗಿ ನೋಡಿ ವರದಿ ಕಳಿಸಲಿ, ಆಮೇಲೆ ರಜೆ.

ಆಗಷ್ಟೇ ನಮ್ಮ ಜಿಲ್ಲೆ ಬೇರೆ ಆಗಿತ್ತು. ಇವರ ಪುಸ್ತಕದಲ್ಲಿ ನಮ್ಮೂರು ಇನ್ನೂ ಹಳೇ ಜಿಲ್ಲೆಯಲ್ಲೇ ಇತ್ತು. ಕಾಗದ ಮೈಸೂರಿಗೆ ಹೋಯಿತು, ಅಲ್ಲಿಂದ ಚಾಮರಾಜನಗರಕ್ಕೆ, ಅಲ್ಲಿಂದ ಗುಂಡ್ಲುಪೇಟೆಗೆ. ನಾನು ದಿನಾ ಟೆಂಟಿನ ಮುಂದೆ ಹೋಗಿ ನಿಲ್ಲುತ್ತಿದ್ದೆ, ಕ್ಲರ್ಕ್ ನನ್ನ ಮುಖ ನೋಡುವುದನ್ನೇ ಬಿಟ್ಟ.

ವರದಿ ಬಂತು.

ತಾಯಿ ಆರೋಗ್ಯವಾಗಿದ್ದಾರೆ, ಜಗುಲಿಯ ಮೇಲೆ ಕೂತು ಮಾತನಾಡಿದ್ದಾರೆ. ಟೆಲಿಗ್ರಾಂ ಸುಳ್ಳು.

ಸುಳ್ಳು ಹೇಳಿದ ಶಿಕ್ಷೆ ಅಂತ ಬೆನ್ನಿಗೆ ಮೂಟೆ ಕಟ್ಟಿ ಮೈದಾನ ಸುತ್ತಿಸಿದರು. ಈರುಳ್ಳಿ ಹೊತ್ತ ಬೆನ್ನು, ಭಾರ ಅನ್ನಿಸಲಿಲ್ಲ. ಭಾವನ ಮೇಲೆ ಸಿಟ್ಟು ಬಂತು ನಿಜ, ಆದರೆ ಒಳಗೊಳಗೇ ಖುಷಿ. ಅವ್ವ ಎದ್ದು ಓಡಾಡುತ್ತಿದ್ದಾಳಂತೆ, ಸರ್ಕಾರವೇ ಬರೆದು ಕಳಿಸಿದೆ... ಅವತ್ತು ಹೊಟ್ಟೆ ತುಂಬಾ ಊಟ ಮಾಡಿದೆ.

ಸ್ವಲ್ಪ ದಿನಕ್ಕೇ ಇನ್ನೊಂದು ಟೆಲಿಗ್ರಾಂ. ಅವ್ವ ಹೋಗಿಬಿಟ್ಟಿದ್ದಳು.

ಕ್ಲರ್ಕ್ ಅದನ್ನು ಓದಿ ಟೇಬಲ್ ಮೇಲಿಟ್ಟ. ಮೊದಲನೆಯದೇ ಸುಳ್ಳು, ಇದನ್ನು ಹೇಗೆ ನಂಬುವುದು, ಇದನ್ನೂ ವೆರಿಫೈ ಮಾಡಬೇಕು ಅಂದ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ವರದಿಯೂ ಬಂದು, ರಜೆ ಸಿಕ್ಕಿ ಊರು ಸೇರುವಷ್ಟರಲ್ಲಿ ಹಾಲುತುಪ್ಪ ಮುಗಿದಿತ್ತು, ತಿಥಿಯೂ ಮುಗಿದಿತ್ತು. ಒಬ್ಬನೇ ಮಗ ನಾನು. ಮಣ್ಣು ಹಾಕಿದ್ದು ಭಾವ.

ಬ್ಯಾಗ್ ಇಳಿಸುವ ಮೊದಲೇ ಕೇಳಿದೆ, ಅವ್ವ ಅಷ್ಟು ಚೆನ್ನಾಗಿದ್ದವಳು ಹೇಗೆ ಹೋದಳು ಅಂತ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು. ಮೊದಲ ಟೆಲಿಗ್ರಾಂ ಕೊಟ್ಟಾಗಲೇ ಅವ್ವನಿಗೆ ಎದ್ದು ಕೂರುವುದಕ್ಕೆ ಆಗುತ್ತಿರಲಿಲ್ಲ, ಗಂಜಿ ಕುಡಿಸಲೂ ಅಕ್ಕನೇ ಎತ್ತಿ ಕೂರಿಸಬೇಕಿತ್ತು. ಅವತ್ತು ಭಾವ ಮಾರ್ಕೆಟ್ಟಿಗೆ, ಅಕ್ಕ ಔಷಧಿ ತರಲು ಪೇಟೆಗೆ ಹೋಗಿದ್ದಾಗ ಪೊಲೀಸ್ ಬಂದಿದ್ದಾನೆ. ಬಾಗಿಲಲ್ಲೇ ನಿಂತು ನನ್ನ ಹೆಸರು ಹೇಳಿದ್ದಾನೆ.

ಕಾಡುಗಳ್ಳನ ಹುಡುಕಾಟ ನಡೆಯುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಕಾಡಂಚಿನ ಊರುಗಳಿಗೆ ಪೊಲೀಸ್ ಒಳ್ಳೆಯದಕ್ಕೆ ಬರುತ್ತಾರೆ ಅಂತ ಯಾರೂ ನಂಬುತ್ತಿರಲಿಲ್ಲ. ಸಾಲದ್ದಕ್ಕೆ ಸಂತೆಮರಹಳ್ಳಿಯ ನಮ್ಮ ನೆಂಟರ ಹುಡುಗನೊಬ್ಬ ಮಿಲಿಟರಿಯಿಂದ ಓಡಿ ಬಂದಿದ್ದಾಗ, ಹೀಗೇ ಮನೆಗೆ ಬಂದು ಎಳೆದುಕೊಂಡು ಹೋಗಿದ್ದರು. ಅದು ಅವ್ವನ ಕಣ್ಣೆದುರೇ ನಡೆದಿತ್ತು.

ಅಕ್ಕ ಬರುವ ಹೊತ್ತಿಗೆ ಪೊಲೀಸ್ ಸೈಕಲ್ ಹತ್ತುತ್ತಿದ್ದ. ಅವ್ವ ತಲೆ ಬಾಚಿಕೊಂಡು, ವಿಭೂತಿ ಇಟ್ಟುಕೊಂಡು ಜಗುಲಿ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಅವನು ಕುಡಿದ ಮಜ್ಜಿಗೆಯ ಲೋಟ.

ಯಾಕವ್ವ ಎದ್ದೆ ಅಂತ ಅಕ್ಕ ಕೇಳಿದರೆ ಅವ್ವ ಅಂದಳಂತೆ:

"ನಿನ್ ತಮ್ಮ ಓಡ್ಬಂದವ್ನೇನೋ ಅಂತ ನೋಡಕ್ ಬಂದಿದ್ರು ಕಣಮ್ಮಿ. ನಿಂಗ್ ಉಸಾರಿಲ್ವಾ ಅಂತ ಕೇಳುದ್ರು. ಉಸಾರಿಲ್ಲ ಅಂದ್ರೆ ಅದೇ ನೆಪ ಮಾಡ್ಕಂಡು ಬಂದವ್ನೆ ಅಂತಾರೆ. ನಂಗೇನಾಗಿದ್ದು ಸಾಮಿ, ಗಟ್ಟಿಮುಟ್ಟಾಗಿವ್ನಿ, ನನ್ ಮಗ ಅಲ್ಲೇ ಡೂಟಿ ಮಾಡ್ತಾವ್ನೆ ಅಂದ್ಬುಟ್ಟೆ. ಅವ್ನ ಕೆಲ್ಸ ಉಳಿಸ್ಬುಟ್ಟೆ ಬುಡು."

ಅಷ್ಟು ಹೇಳಿ ಚಾಪೆ ಮೇಲೆ ಮಲಗಿದವಳು ಮತ್ತೆ ಏಳಲಿಲ್ಲ.

ಭಾವ ಕಂಬಕ್ಕೆ ಒರಗಿ ನಿಂತಿದ್ದ. "ಪೊಲೀಸ್ ಬಂದ್ರೆ ಇಂಗಿಂಗೇಳು ಅಂತ ಅತ್ತೆಗೆ ನಾನೇ ಯೋಳ್ಬೇಕಿತ್ತು ಕಣ್ಲಾ" ಅಂದ. "ಕಾಯಿಲೆ ನೋಡಕ್ಕೂ ಪೊಲೀಸ್ನೋರ್ನ ಕಳುಸ್ತಾರೆ ಅಂತ ನಮ್ಗೇನ್ ಗೊತ್ತು?"

ನನಗೂ ಗೊತ್ತಿತ್ತಲ್ಲ, ವರದಿಗೆ ಬರೆದಿದ್ದಾರೆ ಅಂತ. ಕಾಗದ ಯಾವ ಊರು ಮುಟ್ಟಿತು ಅಂತ ಲೆಕ್ಕ ಹಾಕುತ್ತಿದ್ದೆನೇ ಹೊರತು, ಅದು ಅವ್ವನ ಬಾಗಿಲಿಗೆ ಖಾಕಿ ಹಾಕಿಕೊಂಡು ಬರುತ್ತದೆ ಅಂತ ಹೊಳೆಯಲೇ ಇಲ್ಲ.

ಇವತ್ತಿಗೂ ಆ ಪೊಲೀಸಿನವನ ಮೇಲೆ ನನಗೆ ಕೋಪವಿಲ್ಲ. ಕಂಡದ್ದನ್ನು ಬರೆದ. ಕ್ಲರ್ಕ್ ಬಂದದ್ದನ್ನು ಓದಿದ. ಯಾರನ್ನು ಬೈಯಬೇಕು ಅಂತಲೇ ಗೊತ್ತಾಗುವುದಿಲ್ಲ... ಅದೇ ಹೊಟ್ಟೆ ಉರಿಸುತ್ತದೆ.

ನಿಮ್ಮ ಮನೆ ಬಾಗಿಲಲ್ಲಿ ಪೊಲೀಸ್ ನಿಂತು ನಿಮ್ಮ ಹೆಸರು ಹೇಳಿದ್ದರೆ, ನಿಮ್ಮ ಅವ್ವ ಬೇರೆ ಏನಾದರೂ ಹೇಳುತ್ತಿದ್ದಳಾ?